ಬಾಕ್ಸಿನಲ್ಲಿ ಒಡೆಯುವ ದನಿ

ನಮ್ಮ ಬನಹಟ್ಟಿಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಚಹಾ ಕುಡಿಯಲು ಕರೆದರೂ ಜಗಳಕ್ಕೆ ಕರೆದ ಹಾಗಿರುತ್ತದೆ. ಮಗಳನ್ನು ಬೀಳಗಿಗೆ ಕೊಟ್ಟ ಹೊಸದರಲ್ಲಿ ಒಮ್ಮೆ ಬೀಗರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಕುಳಿತು ಬೀಗರ ಜೊತೆ ಮಳೆ ಬೆಳೆ ಅಂತ ಮಾತಾಡುತ್ತಿದ್ದೆ, ಅಷ್ಟೇ. ಒಳಗಿನಿಂದ ಬೀಗಿತ್ತಿ ಗಾಬರಿಯಾಗಿ ಓಡಿ ಬಂದು, "ಯಾಕ್ರೀ, ಏನಾತ್ರಿ? ನಮ್ಮಿಂದ ಏನರ ತಪ್ಪಾತೇನ್ರಿ?" ಎಂದು ಕೈ ಮುಗಿದರು. ಮಗಳಿಗೆ ನಗು ತಡೆಯಲಾಗಲಿಲ್ಲ. "ಅಪ್ಪ ಸಿಟ್ಟಿಗೆದ್ದಿಲ್ರಿ ಅತ್ತಿ, ನಮ್ಮೂರಾಗ ಮಾತಾಡೂದ ಹಿಂಗ" ಅಂದಳು. ನನಗೆ ಮಾತ್ರ ಬೀಗರ ಮೇಲೇ ಸಿಟ್ಟು ಬಂತು. ಏನು ಜನರಪ್ಪಾ ಇವರು, ಬಾಯೊಳಗೆ ಬಾಯೊಳಗೆ ಮಾತಾಡುತ್ತಾರೆ, ಅರ್ಧ ಮಾತು ತಾವೇ ನುಂಗುತ್ತಾರೆ ಅಂದುಕೊಂಡು ಎದ್ದು ಬಂದೆ.

ಮಗ್ಗದ ಮನೆಯವರ ಬಾಳೇ ಹಾಗೆ. ಹಿತ್ತಲ ಕಡೆಯ ದೊಡ್ಡ ಕೋಣೆಯಲ್ಲಿ ನಮ್ಮ ಪಾವರ್‌ಲೂಮ್‌ಗಳು ಒಟ್ಟಿಗೆ ಬಡಿಯತೊಡಗಿದರೆ ಪಕ್ಕದಲ್ಲಿ ಪಟಾಕಿ ಹಾರಿಸಿದರೂ ಗೊತ್ತಾಗುತ್ತಿರಲಿಲ್ಲ. ಅಲ್ಲಿ ಮಾತೆಂದರೆ ಕೈಸನ್ನೆ, ಇಲ್ಲವೇ ತುಟಿ. ಹೆಬ್ಬೆರಳು ಬಾಯಿಗೆ ಹಿಡಿದರೆ ನೀರು ತಾ. ಬೆರಳು ತಿರುವಿದರೆ ಕಂಡಿಕೆ ತಾ. ಲಾಳಿಯ ಹೊಟ್ಟೆಯಲ್ಲಿ ಕೂರಿಸುವ ನೂಲಿನ ಸುರುಳಿಗೆ ನಾವು ಕಂಡಿಕೆ ಅನ್ನುತ್ತೇವೆ. ಇನ್ನು ಉಳಿದ ಮಾತೆಲ್ಲ ಎದುರಿನವರ ತುಟಿ ನೋಡಿ ತಿಳಿದುಕೊಳ್ಳುವುದು. ಇದನ್ನು ಯಾರೂ ಕಲಿಸುವುದಿಲ್ಲ, ಕಲಿತೆವು ಎಂಬುದು ನಮಗೂ ಗೊತ್ತಿರುವುದಿಲ್ಲ.

ನನ್ನ ಹೆಂಡತಿ ಹಿಪ್ಪರಗಿಯವಳು, ಕೃಷ್ಣಾ ಹೊಳೆಯ ದಂಡೆಯವಳು. ಅವಳ ತಾಯಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಪದಗಳೆಲ್ಲ ಮಗಳ ಬಾಯಿಯಲ್ಲಿವೆ ಎಂದು ಮದುವೆ ಮಾತಿನ ವೇಳೆಗೇ ಯಾರೋ ಹೇಳಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ರೊಟ್ಟಿ ಬಡಿಯುತ್ತ ಒಂದು ನುಡಿ ಅಂದಿದ್ದಳಂತೆ. ನನ್ನ ಅವ್ವ ಪಡಸಾಲೆಯಿಂದಲೇ, "ಹಾಡೂ ಸೊಸಿನ್ನ ತಂದಿಲ್ಲ ನಾವು, ದುಡಿಯೂ ಸೊಸಿನ್ನ ತಂದೇವಿ" ಅಂದುಬಿಟ್ಟಳಂತೆ. ಅವತ್ತು ಮುಚ್ಚಿತು ಅವಳ ಬಾಯಿ. ಅವ್ವ ತೀರಿಕೊಂಡ ಮೇಲೂ ಮನೆಯವರ ಎದುರಿಗೆ ಅದು ತೆರೆಯಲಿಲ್ಲ.

ಆದರೆ ಮಗ್ಗ ಸುರುವಾದರೆ ಅವಳ ಹಾಡೂ ಸುರು. ಪಡಸಾಲೆಯಲ್ಲಿ ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ನಾನು ಒಳಗೆ ಮಗ್ಗಗಳ ನಡುವೆ ನಿಂತಿರುತ್ತಿದ್ದೆ. ನಡುಬಾಗಿಲಿನಿಂದ ಅವಳು ಕಾಣುತ್ತಿದ್ದಳು. ತುಟಿ ಆಡುತ್ತಿತ್ತು, ಕುತ್ತಿಗೆ ಸ್ವಲ್ಪ ವಾಲುತ್ತಿತ್ತು, ಕಣ್ಣು ನೂಲಿನ ಮೇಲೆ. ಮಗ್ಗದ ಸದ್ದು ಅವಳಿಗೆ ಪರದೆಯಾಗಿತ್ತು. ಅದರ ಹಿಂದೆ ಅವಳು ಬೇಕಾದ್ದು ಹಾಡಬಹುದಿತ್ತು, ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಕೇಳಿದವರು ಓಣಿಯ ಹೆಂಗಸರು ಮಾತ್ರ. ಅವರಿಗೆ ಪಡಸಾಲೆ ಹತ್ತಿರ.

ಒಮ್ಮೊಮ್ಮೆ ಕರೆಂಟು ಹೋಗುತ್ತಿತ್ತು. ಮಗ್ಗಗಳೆಲ್ಲ ಒಂದೇ ಸಲಕ್ಕೆ ಸತ್ತು ಬಿದ್ದಂತೆ ನಿಲ್ಲುತ್ತಿದ್ದವು. ಆ ಹೊತ್ತಿನಲ್ಲಿ ಅವಳ ಬಾಯಿಂದ ಹೊರಟ ನುಡಿಯೊಂದು ತಡೆಯುವಷ್ಟರಲ್ಲಿ ಜಾರಿ ಬೀಳುತ್ತಿತ್ತು. ಒಂದು ಸಾಲಿನ ಬಾಲ, ಇಲ್ಲವೇ ಒಂದು ಎಳೆತ. ತಟ್ಟನೆ ಬಾಯಿ ಮುಚ್ಚಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅಷ್ಟೇ ನಾನು ಕೇಳಿದ್ದು, ಇಡೀ ಸಂಸಾರದಲ್ಲಿ. ಆ ಚೂರುಗಳಲ್ಲೇ ಗೊತ್ತಾಗಿತ್ತು, ಇದು ಸಾಮಾನ್ಯ ಕಂಠವಲ್ಲ ಅಂತ. ಓಣಿಯ ಹೆಂಗಸರು "ನಿಮ್ಮ ಮನಿಯಾಕೀದು ಏನ ಕಂಠಾರೀ ಅಣ್ಣಾರ!" ಅಂದಾಗ ನಾನು ದೊಡ್ಡ ರಸಿಕನ ಹಾಗೆ ತಲೆ ಆಡಿಸುತ್ತಿದ್ದೆ. ಒಳಗೆ ಹೊಟ್ಟೆಕಿಚ್ಚು. ಊರಿಗೆಲ್ಲ ಸಿಕ್ಕಿದ್ದು ನನಗಿಲ್ಲ.

"ಒಂದ ಪದಾ ಅನ್ನು, ಕೇಳೂಣು" ಎಂದು ಎಷ್ಟೋ ಸಲ ಕೇಳಿದೆ.

"ಹೋಗ್ರಿ ಅತ್ತಾಗ. ಗಂಡನ ಮುಂದ ಕುಂತ ಬಾಯಿ ತಗದ ಹಾಡ್ತಾರೇನು? ನಾಚಿಕಿ ಬರ್ತೈತಿ."

ಮಗ್ಗ ನಿಲ್ಲಲಿ, ಆಮೇಲೆ ನೋಡೋಣ ಅಂದುಕೊಂಡೆ. ಮುಪ್ಪಿನಲ್ಲಿ ಕೈಕಾಲು ಚಾಚಿ ಕುಳಿತು ಇವಳ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಬೇಕು. ಇದೊಂದೇ ನನ್ನ ಆಸೆಯಾಗಿತ್ತು. ಕೆಲವರು ಕಾಶಿಗೆ ಹೋಗಬೇಕು ಅನ್ನುತ್ತಾರೆ. ನನಗೆ ನನ್ನ ಪಡಸಾಲೆಯೇ ಸಾಕಿತ್ತು.

ಮಗ್ಗ ನಿಂತವು. ನನ್ನ ಮೊಣಕಾಲು ಹೋಗಿದ್ದವು, ಸೀರೆಗೆ ಗಿರಾಕಿಯೂ ಮೊದಲಿನ ಹಾಗಿರಲಿಲ್ಲ, ಗುಜರಿಯವರು ಬಂದು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿಕೊಂಡು ಹೋದರು. ಮರುದಿನ ಬೆಳಿಗ್ಗೆ ಎದ್ದರೆ ಮನೆ ಸ್ಮಶಾನದ ಹಾಗಿತ್ತು. ಗಡಿಯಾರದ ಸದ್ದು ಹೆಂಡತಿಗೆ ಕೇಳಿಸುತ್ತಿತ್ತಂತೆ. ನನಗೆ ಕಿವಿಯೊಳಗೆ ಒಂದು ಸಣ್ಣ ಕುಯ್ ಅನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಮೌನವೆಂದರೆ ಇದೇ ಇರಬೇಕು ಅಂದುಕೊಂಡೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಮಗ್ಗದ ಜೊತೆ ಅವಳ ಹಾಡೂ ನಿಂತುಹೋಯಿತು. ಪರದೆ ಹರಿದ ಮೇಲೆ ಅವಳಿಗೆ ಹಾಡಲು ಜಾಗವೇ ಉಳಿಯಲಿಲ್ಲ. ನಾನು ಬಯಸಿದ್ದೇನು, ಆದದ್ದೇನು!

ಸೋಮವಾರ ಸೋಮವಾರ ಎದುರು ಮನೆಯಲ್ಲಿ ಹೆಂಗಸರ ಭಜನೆ ಇರುತ್ತದೆ. ಅಲ್ಲಿ ಮಾತ್ರ ಹಾಡುತ್ತಿದ್ದಳು. ನಾನು ಹೊಸ್ತಿಲ ತನಕ ಹೋದರೆ ಸಾಕು, ಕೆಮ್ಮು ಬಂದಂತೆ ಮಾಡಿ ನಿಲ್ಲಿಸಿಬಿಡುತ್ತಿದ್ದಳು. ಕೊನೆಗೆ ಎದುರು ಮನೆಯ ಸೊಸೆಯ ಕೈಕಾಲು ಹಿಡಿದೆ. ಅವಳು ಹೆಂಡತಿಯನ್ನು ಕೇಳಿಕೊಂಡೇ ಒಂದು ಸೋಮವಾರ ಮೊಬೈಲಿನಲ್ಲಿ ಇವಳ ಹಾಡು ರೆಕಾರ್ಡು ಮಾಡಿ ನನಗೆ ಕಳಿಸಿದಳು. ಹೆಂಡತಿ ನನ್ನ ಮುಖ ನೋಡದೆ, "ಕೇಳ್ರಿ ಬೇಕಾರ. ಆದ್ರ ನಾ ಮನ್ಯಾಗ ಇಲ್ಲದಾಗ ಕೇಳ್ರಿ" ಅಂದಳು.

ಮೊಬೈಲಿನಲ್ಲಿ ಹಚ್ಚಿ ಕೇಳಿದೆ. ಡಬ್ಬಿಯೊಳಗೆ ಇಲಿ ಸಿಕ್ಕಿಕೊಂಡ ಹಾಗಿತ್ತು. ಛೇ, ಇಂಥ ಹಾಡನ್ನು ಇಂಥ ಬಡಕಲು ಯಂತ್ರದಲ್ಲಿ ಕೇಳುವುದೇ? ಜಮಖಂಡಿಗೆ ಹೋದೆ. ಒಂದು ಒಳ್ಳೆಯ ಆಂಪ್ಲಿಫೈಯರು, ಮೊಣಕಾಲೆತ್ತರದ ಎರಡು ಸ್ಪೀಕರ್ ಬಾಕ್ಸು, ಮೊಬೈಲಿನಿಂದ ಅದಕ್ಕೆ ಸಿಕ್ಕಿಸುವ ವೈರು ತಂದೆ. ಮಗ್ಗ ಇದ್ದ ಕೋಣೆಯಲ್ಲೇ ಇಟ್ಟೆ. ಗೋಡೆಯ ಮೇಲೆ ಮಗ್ಗದ ಹಳೆಯ ಸ್ವಿಚ್‌ ಬೋರ್ಡು ಇತ್ತಲ್ಲ, ಅದಕ್ಕೇ ಪಿನ್ನು ಚುಚ್ಚಿದೆ. ಕೆಂಪು ವೈರು, ಕಪ್ಪು ವೈರು ನನಗೆ ತಿಳಿದ ಹಾಗೆ ತಿರುವಿ ಕಟ್ಟಿದೆ. ಹೆಂಡತಿ ಸೆರಗು ಹೊದ್ದುಕೊಂಡು ಎದುರು ಮನೆಗೆ ಹೊರಟುಹೋದಳು, ಹೆಣ್ಣು ನೋಡಲು ಬಂದವರ ಮುಂದಿನ ಹುಡುಗಿಯ ಹಾಗೆ.

ಹಾಡು ಹಚ್ಚಿದೆ. ಬಾಕ್ಸಿನಿಂದ ಮೊದಲು ಗುಂಯ್ ಎಂದು ಒಂದು ಸದ್ದು. ಅದರ ಮೇಲೆ ಹೆಂಡತಿಯ ದನಿ. ದನಿಯೇ ಅದು? ಕೆಳಗಿನ ಸ್ವರ ಹೇಗೋ ಬಂತು. ಮೇಲಕ್ಕೆ ಏರಿದ ಕೂಡಲೇ ಚರ್ ಎಂದು ಒಡೆಯಿತು. ಸೀಳಿದ ಗಡಿಗೆಗೆ ಬೆರಳಿಂದ ಬಡಿದ ಹಾಗೆ. ಇನ್ನೊಮ್ಮೆ ಹಚ್ಚಿದೆ, ಇನ್ನೊಮ್ಮೆ. ಅದೇ ಜಾಗ, ಅದೇ ಒಡಕು. ನನ್ನ ಸಿಟ್ಟು ನೆತ್ತಿಗೇರಿತು. ಇಷ್ಟು ಕಾಲ ಕಾದು ತಂದ ಸಾಮಾನು ಇದೇನು, ಇದರ ಬಾಯಿಗೆ ಮಣ್ಣು ಬೀಳಲಿ!

ಹೆಂಡತಿ ಬಂದ ಮೇಲೆ ಅಂಗಡಿಯವನಿಗೆ ಫೋನ್ ಹಚ್ಚಿ, ಲೈನು ಸರಿಯಿಲ್ಲವೆಂದು ಅವಳ ಕೈಗೆ ಕೊಟ್ಟೆ. "ವೈರ್ ಸಡಲ ಇರ್ತೈತಂತ್ರಿ, ಬಿಗಿ ಮಾಡಬೇಕಂತ" ಅಂದಳು. ಮಾಡಿದೆ. ಆಗಲಿಲ್ಲ. ಮರುದಿನ ಎಲ್ಲವನ್ನೂ ಚೀಲಗಳಿಗೆ ತುಂಬಿ ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ಜಮಖಂಡಿಗೆ ಹೋದೆ. ಅವನು ತನ್ನ ಕಟ್ಟೆಯ ಮೇಲೆ ಜೋಡಿಸಿ ಯಾವುದೋ ಹಾಡು ಹಾಕಿದ. ಚರ್ ಎಂದು ಒಡೆಯಿತು.

"ಕೇಳ, ಕೇಳ! ಒಡದೇತೋ ಇಲ್ಲೋ?" ಅಂದೆ.

"ಎಲ್ಲಿ ಒಡದೇತ್ರಿ? ಗಂಟಿ ಹೊಡದಂಗ ಐತಲ್ರೀ ಸೌಂಡು."

"ನಿನ್ನ ಕಿವ್ಯಾಗೇನ ಹತ್ತಿ ತುರಕೊಂಡಿಯೇನು? ಇಷ್ಟ ಒಡದದ್ದ ಕೇಳಸಂಗಿಲ್ಲ ಅಂದ್ರ ನೀ ಅಂಗಡಿ ಯಾಕ ಇಟ್ಟಿ? ಕೋಣನ ಮುಂದ ಕಿನ್ನರಿ ಬಾರಸಿದಂಗಾತು ನಿನ್ನ ಮುಂದ ಇದನ್ನ ಹಚ್ಚೂದು."

ರಸ್ತೆಯ ಮೇಲಿನ ಜನ ನಿಂತು ನೋಡತೊಡಗಿದರು. ನಾನು ಮೆಲ್ಲಗೆಯೇ ಮಾತಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅವನು ಮರ್ಯಾದೆಗೆ ಹೆದರಿದನೋ, ಬೇಸತ್ತನೋ, ಬೇರೆ ಸೆಟ್ಟನ್ನೇ ಕೊಟ್ಟ. "ತಗೊಂಡ ಹೋಗ್ರಿ, ಇದು ನಾನ ಮನಿಗಿ ಅಂತ ಇಟಗೊಂಡದ್ದು" ಅಂದ. ಗೆದ್ದೆ ಎಂದು ಹೊತ್ತು ತಂದೆ. ಮನೆಗೆ ಬಂದು ಹಚ್ಚಿದರೆ ಅದೂ ಗುಂಯ್ ಅಂದಿತು, ಅದೂ ಒಡೆಯಿತು. ತಲೆ ಕೆಟ್ಟು ಮೊಸರ ಗಡಿಗೆಯಾಯಿತು.

ಮುಧೋಳದಲ್ಲಿ ಮದುವೆ ಮನೆಗಳಿಗೆ ಸೌಂಡ್ ಹಾಕುವ ಒಬ್ಬ ಮೆಕ್ಯಾನಿಕ್ ಇದ್ದಾನೆ. ಬನಹಟ್ಟಿಗೆ ಯಾರದೋ ಕಾರ್ಯಕ್ಕೆ ಬಂದವನನ್ನು ಹಿಡಿದು ಮನೆಗೆ ಕರೆತಂದೆ. ಎದುರಿಗೆ ಕುಳಿತವನು ಮಾತಿಗೆ ಮೊದಲು ಬೋರ್ಡಿನ ಕಡೆ ನೋಡಿದ.

"ಇದು ಮಗ್ಗದ ಲೈನ್ ಏನ್ರಿ? ಅರ್ಥಿಂಗ್ ವೈರ್ ಎಲ್ಲಿ?"

ಅರ್ಥಿಂಗ್ ಎಲ್ಲಿ ಅಂದರೆ? ಮಗ್ಗ ಒಯ್ಯುವಾಗ ಗುಜರಿಯವರು ತಾಮ್ರದ ತಂತಿಯನ್ನೂ ಕಿತ್ತುಕೊಂಡು ಹೋಗಿದ್ದರು. ಅವನು ಪಡಸಾಲೆಯ ಬೋರ್ಡಿನಿಂದ ಬೇರೆ ವೈರು ಎಳೆದ. ಗುಂಯ್ ಅನ್ನುವುದು ಕಡಿದು ಹಾಕಿದ ಹಾಗೆ ನಿಂತಿತು. ನನಗೆ ಜೀವ ಬಂತು. ಆಮೇಲೆ ಒಂದು ಬಾಕ್ಸಿನ ಕೆಂಪು ವೈರು ಕಪ್ಪಿನ ಜಾಗದಲ್ಲಿ ಇತ್ತು, ಅದನ್ನು ಬದಲಿಸಿದ. ಕೊನೆಗೆ ನನ್ನ ಮೊಬೈಲು ತೆಗೆದುಕೊಂಡು ನೋಡಿ ತಲೆ ಚಚ್ಚಿಕೊಂಡ.

"ಮೊಬೈಲೂ ಫುಲ್, ಆಂಪ್ಲಿನೂ ಫುಲ್! ಒಡೀದ ಏನ ಮಾಡ್ತೈತ್ರಿ ಕಾಕಾ? ತುಂಬಿದ ಕೊಡಕ್ಕ ಮತ್ತ ನೀರ ಹೊಯ್ದಂಗ ಆತು. ಇದನ್ನ ಅರ್ಧಕ್ಕ ಇಡ್ರಿ, ಅದನ್ನ ಕಾಲ ಭಾಗಕ್ಕ ಇಡ್ರಿ."

ನಮ್ಮ ಮನೆಯಲ್ಲಿ ಯಾವುದಕ್ಕೂ ಅರ್ಧ ಎಂಬುದು ಗೊತ್ತಿಲ್ಲ. ರೇಡಿಯೋ ಇರಲಿ, ಟಿವಿ ಇರಲಿ, ಹಚ್ಚಿದರೆ ಪೂರ್ತಿ, ಇಲ್ಲದಿದ್ದರೆ ಬಂದ್. ಬನಹಟ್ಟಿಯಲ್ಲಿ ಎಲ್ಲರ ಮನೆಯೂ ಹೀಗೆಯೇ. ಅವನು ಹೇಳಿದ ಹಾಗೆ ಇಟ್ಟು ಹಾಡು ಹಚ್ಚಿದ. ಒಡಕು ಅರ್ಧಕ್ಕರ್ಧ ಹೋಯಿತು. "ಈಗ ಹಾಲಿನಂಗ ಆತು ನೋಡ್ರಿ" ಎಂದು ಚಹಾ ಕುಡಿದು ಹೋದ.

ಅರ್ಧ ಹೋಯಿತು, ಅರ್ಧ ಉಳಿಯಿತು. ಅವನು ಹೋದ ಮೇಲೆ ಕಿವಿ ಕೊಟ್ಟು ಕೇಳಿದೆ. ಅವಳು ಮೇಲೆ ಏರಿದಾಗ ಈಗಲೂ ಅದೇ ಸೀಳು, ಸ್ವಲ್ಪ ಸಣ್ಣಗೆ. ಮಾತುಗಳು ಒಂದಕ್ಕೊಂದು ಹತ್ತಿಕೊಂಡು ಮುದ್ದೆಯಾಗಿದ್ದವು. ಯಾವ ಪದ ಹಾಡುತ್ತಿದ್ದಾಳೆ ಎಂಬುದೇ ತಿಳಿಯುವುದಿಲ್ಲ. ಸಣ್ಣ ಮಾಡಿದರೆ ಕೇಳುವುದಿಲ್ಲ, ದೊಡ್ಡ ಮಾಡಿದರೆ ಒಡೆಯುತ್ತದೆ. ನಡುವೆ ಜಾಗವೇ ಇಲ್ಲ. ಬೇರೆ ವೈರು ತಂದೆ. ಬಾಕ್ಸುಗಳನ್ನು ಗೋಡೆಯಿಂದ ಮುಂದೆ ಎಳೆದೆ, ಹಿಂದೆ ತಳ್ಳಿದೆ, ಕೆಳಗೆ ಹಳೆಯ ಗೋಣಿಚೀಲ ಹಾಸಿದೆ. ದಿನವೂ ಇದೇ ಕೆಲಸ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಹೆಂಡತಿ ಒಂದು ದಿನ ಬಾಗಿಲಲ್ಲಿ ನಿಂತು, "ಸಾಕ ಬಿಡ್ರಿ. ಛಲೋನ ಕೇಳಸ್ತೈತಲ್ಲ" ಅಂದಳು.

"ನಿನಗ ಛಲೋನ ಕೇಳಸ್ತೈತಿ. ನಿನ್ನ ಹಾಡಲ್ಲ? ಹೆತ್ತವರಿಗಿ ಹೆಗ್ಗಣ ಮುದ್ದು."

ಅವಳು ತಿರುಗಿ ಒಳಗೆ ಹೋದಳು. ಖರ್ಚು ನಿಲ್ಲಲಿ ಎಂದು ಹಾಗನ್ನುತ್ತಾಳೆ ಅಂದುಕೊಂಡೆ. ಬೀಳಗಿಯಿಂದ ಬಂದಿದ್ದ ಮಗಳೂ "ಅಪ್ಪಾ, ಏನೂ ಒಡದಿಲ್ಲೋ, ನೀ ಸುಮ್ನ ಹಟಾ ಹಿಡದೀ" ಅಂದಳು. ಅವಳೂ ಮಗ್ಗದ ಮನೆಯಲ್ಲೇ ಬೆಳೆದವಳು, ಅವಳ ಕಿವಿಯೂ ಅಷ್ಟಕ್ಕಷ್ಟೇ ಎಂದು ತೀರ್ಮಾನ ಮಾಡಿದೆ. ಅಂಗಡಿಯವನು ಕಿವುಡ, ಮೆಕ್ಯಾನಿಕ್ಕನ ಕಿವಿ ಮದುವೆ ಸೌಂಡಿನಲ್ಲಿ ಹಾಳಾಗಿದೆ, ಹೆಂಡತಿಗೆ ತನ್ನ ದನಿಯ ಮೋಹ, ಮಗಳಿಗೆ ಪುರುಸೊತ್ತಿಲ್ಲ. ಮುಧೋಳದಿಂದ ಜಮಖಂಡಿಯ ತನಕ ಸರಿಯಾದ ಕಿವಿ ಇರುವವನು ನಾನೊಬ್ಬನೇ ಎಂಬ ಹಾಗೆ ನಡೆದುಕೊಂಡೆ.

ಮುಧೋಳಕ್ಕೆ ನಾನೇ ಹೋದೆ. ಮೆಕ್ಯಾನಿಕ್ಕು ತನ್ನ ಅಂಗಡಿಯ ದೊಡ್ಡ ಬಾಕ್ಸುಗಳಿಗೆ ನನ್ನ ಮೊಬೈಲು ಜೋಡಿಸಿ ಹೆಂಡತಿಯ ಹಾಡು ಹಾಕಿದ. ನಾನು ನೆಲ ನೋಡುತ್ತ ಕೇಳಿದೆ. ಅಲ್ಲಿಯೂ ಒಡೆಯಿತು. ಆಮೇಲೆ ಅವನು ತನ್ನ ಮೊಬೈಲಿನಿಂದ ಬೇರೆ ಹಾಡು ಹಾಕಿದ. ಅದೂ ಒಡೆಯಿತು.

"ನನ್ನ ಕಿವಿಗಂತೂ ಒಡದಂಗ ಕೇಳಸಂಗಿಲ್ಲ" ಅಂದ ಅವನು. "ಕುಣೀಲಾರದಾಕಿ ನೆಲಾ ಡೊಂಕ ಅಂದಂಗ ಸೆಟ್ಟಿಗೆ ಬೈಬ್ಯಾಡ್ರಿ ಕಾಕಾ. ಯಾ ಸೆಟ್ಟಿಗೆ ಹಚ್ಚಿದ್ರೂ ಒಡೀತೈತಿ ಅಂದ್ರ ಸೆಟ್ಟಿಂದ ಅಲ್ಲ ಅದು."

"ಮತ್ತ ಯಾರದು? ನಂದೇನು?"

ಅವನು ಏನೋ ಹೇಳಲು ಹೋಗಿ ಬಿಟ್ಟ. ಸ್ಕ್ರೂಡ್ರೈವರಿನಿಂದ ಮೇಜನ್ನು ಕೆರೆಯುತ್ತ ಕುಳಿತ. ಆಮೇಲೆ, "ಮೊಬೈಲ್‌ನ್ಯಾಗ ತುಂಬಿದ್ದ ಹಾಡ ಎಲ್ಲಾ ಹಿಂಗ ಇರಬೇಕು. ಬಾಯಿ ಹತ್ರ ಹಿಡದ ತುಂಬಿದ್ರ ಒಡೀತೈತಿ. ಹಾಡವರು ಮನ್ಯಾಗ ಅದಾರಲ್ರಿ? ಒಮ್ಮೆ ಸೀದಾ ಹಾಡಸಿ ಕೇಳ್ರಿ. ನಡಬರಕ ವೈರ್ ಬ್ಯಾಡ, ಬಾಕ್ಸ್ ಬ್ಯಾಡ" ಅಂದ.

ಖರೆ ಮಾತು. ಮಹಾಲಿಂಗಪುರದ ಮೇಲಿನಿಂದ ಬಸ್ಸಿನಲ್ಲಿ ಬರುವಾಗ ಇದೇ ಯೋಚನೆ. ಸೆಟ್ಟು ಬದಲಾಯಿತು, ವೈರು ಬದಲಾಯಿತು, ಕರೆಂಟು ಬದಲಾಯಿತು. ಉಳಿದದ್ದು ಮೊಬೈಲಿನೊಳಗಿನ ಹಾಡು ಒಂದೇ. ಅದನ್ನೇ ಕೆಟ್ಟದಾಗಿ ತುಂಬಿದ್ದಾಳೆ ಎದುರು ಮನೆಯವಳು. ಮೂಲದಲ್ಲಿ ದನಿ ಸರಿಯಾಗಿಯೇ ಇದೆ. ಹೀಗೆ ಅಂದುಕೊಂಡಾಗ ಎಷ್ಟು ಹಗುರವಾಯಿತೆಂದರೆ, ಬಸ್‌ ಸ್ಟ್ಯಾಂಡಿನಲ್ಲಿ ಇಳಿದು ಹೆಂಡತಿಗೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಮನೆಗೆ ಹೋದೆ.

ಅವಳು ಒಪ್ಪಲಿಲ್ಲ. ಮೊದಲು ಗದರಿಸಿದೆ, ಆಮೇಲೆ ಬೈದೆ, ಆಮೇಲೆ ಮುನಿಸಿಕೊಂಡೆ. ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಕುಳಿತು ಹೇಳಿದೆ, "ನಾ ಏನ ಬೇಡೀನಿ ನಿನ್ನ? ಬಂಗಾರ ಬೇಡೀನೇನು? ಸಾಯೂದರೊಳಗ ಒಮ್ಮೆ ನಿನ್ನ ಹಾಡ ಪೂರಾ ಕೇಳಬೇಕ ಅಂತ ಆಸೆ ಐತಿ. ಅಷ್ಟ ಮಾಡವಾ." ಅವಳು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದಳು.

"ಹಾಡ್ತೀನಿ. ಆದ್ರ ನೀವು ನನ್ನ ಮಾರಿ ನೋಡಬಾರದು. ಗ್ವಾಡಿ ಕಡೆ ಮಾರಿ ಮಾಡ್ಕೊಂಡ ಕುಂದರಬೇಕು" ಅಂದಳು.

ಮಗ್ಗದ ಕೋಣೆಯಲ್ಲೇ ಕುಳಿತೆವು. ಬಾಕ್ಸಿನ ಪಿನ್ನು ಕಿತ್ತಿಟ್ಟೆ. ಓಣಿಯ ಕಡೆಯ ಬಾಗಿಲು ಮುಚ್ಚಿದಳು. ನಾನು ಗೋಡೆಯ ಕಡೆಗೆ ಮುಖ ಮಾಡಿ ಚಕ್ಕಳಬಕ್ಕಳ ಹಾಕಿ ಕುಳಿತೆ. ಗೋಡೆಯ ಮೇಲೆ ಮಗ್ಗದ ಎಣ್ಣೆ ಸಿಡಿದ ಕಲೆಗಳು. ನನ್ನ ಬೆನ್ನ ಹಿಂದೆ, ಒಂದು ಮಾರು ದೂರದಲ್ಲಿ ಅವಳು. ಎದೆ ಹೊಡೆದುಕೊಳ್ಳುತ್ತಿತ್ತು. ಮದುವೆಯ ದಿನವೂ ಹಾಗೆ ಹೊಡೆದುಕೊಂಡಿರಲಿಲ್ಲ.

ಸುರುಮಾಡಿದಳು. ಮೊದಲು ಸಣ್ಣಗೆ, ಗುಂಗಿನ ಹಾಗೆ. ಆಮೇಲೆ ಏರಿತು. ಏರಿದ ಕೂಡಲೇ ಚರ್ ಎಂದು ಒಡೆಯಿತು.

ತಪ್ಪಿ ಕೇಳಿದೆ ಅಂದುಕೊಂಡೆ. ಇನ್ನೊಂದು ನುಡಿಗೆ ಕಾದೆ. ಅದೂ ಒಡೆಯಿತು. ಅದೇ ಸೀಳು, ಅದೇ ಹತ್ತಿಕೊಂಡ ಮುದ್ದೆ ಮಾತು. ಹೊಳೆ ದಾಟಿ ಕೊಟ್ಟ ಮಗಳು ತಾಯಿಯನ್ನು ನೆನೆಯುವ ಪದ ಅದು ಎಂದು ಎದುರು ಮನೆಯವಳು ಹೇಳಿದ್ದಳು. ನನಗೆ ಹೊಳೆಯೂ ಕೇಳಿಸಲಿಲ್ಲ, ತಾಯಿಯೂ ಕೇಳಿಸಲಿಲ್ಲ. ಹಿಂದೆ ಯಾರೋ ಬಾಯಿಗೆ ಬಟ್ಟೆ ಹಿಡಿದು ಅಳುತ್ತಿದ್ದಾರೋ, ನಗುತ್ತಿದ್ದಾರೋ ಎಂಬಂತೆ ಒಂದು ದನಿ. ವೈರಿಲ್ಲ, ಬಾಕ್ಸಿಲ್ಲ, ಕರೆಂಟಿಲ್ಲ. ಅವಳ ಬಾಯಿ, ನನ್ನ ಕಿವಿ. ಅಯ್ಯೋ ಶಿವನೇ ಅಂದುಕೊಂಡೆ. ಗೋಡೆಯ ಕಲೆಗಳನ್ನೇ ನೋಡುತ್ತ ಕುಳಿತೆ, ತಿರುಗಲು ಧೈರ್ಯ ಬರಲಿಲ್ಲ.

ಯಾವಾಗ ನಿಲ್ಲಿಸಿದಳೋ ಅದೂ ಸರಿಯಾಗಿ ಗೊತ್ತಾಗಲಿಲ್ಲ. ಭುಜದ ಮೇಲೆ ಕೈ ಬಿತ್ತು. ಅವಳು ನನ್ನ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತಳು.

"ಹ್ಯಾಂಗ ಇತ್ತ ಅಂತ ಕೇಳೀನಿ. ಒಮ್ಮೆ ಅಲ್ಲ, ಮತ್ತ ಮತ್ತ ಕೇಳೀನಿ. ನೀವು ಹಂಗ ಕುಂತೀರಿ."

ಈಗ ಕೇಳಿಸಿತು. ಏಕೆಂದರೆ ಅವಳ ತುಟಿ ಎದುರಿಗಿತ್ತು. ಜೀವಮಾನವೆಲ್ಲ ನಾನು ಕಣ್ಣಿನಿಂದಲೇ ಮಾತು ಕೇಳಿದ್ದೇನೆ ಎಂದು ಆಗ ಗೊತ್ತಾಯಿತು. ಬೀಗರು ಬಾಯೊಳಗೆ ಮಾತಾಡಿರಲಿಲ್ಲ. ಅಂಗಡಿಯವನ ಕಿವಿಯಲ್ಲಿ ಹತ್ತಿ ಇರಲಿಲ್ಲ. ಮೆಕ್ಯಾನಿಕ್ಕು ಹೇಳಲು ಹೋಗಿ ಬಿಟ್ಟದ್ದು ಇದನ್ನೇ.

"ಒಡೀತಲ್ಲ?" ಅಂದಳು ಹೆಂಡತಿ.

ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ. ಹೂಂ ಎಂದು ತಲೆ ಆಡಿಸಿದೆ. ಅವಳು ನನ್ನ ಕಿವಿಯನ್ನು ಒಮ್ಮೆ ಮುಟ್ಟಿ ನೋಡಿದಳು, ಜ್ವರ ನೋಡುವ ಹಾಗೆ. ನಾನು ಅತ್ತೆ. ಜೋರಾಗಿಯೇ ಅತ್ತಿರಬೇಕು, ಎದುರು ಮನೆಯವರು ಬಂದು ಬಾಗಿಲು ಬಡಿದರಂತೆ. ಅದೂ ನನಗೆ ಕೇಳಿಸಲಿಲ್ಲ.

ಕಿವಿಯ ಡಾಕ್ಟರಿಗೆ ತೋರಿಸಿದೆವು. ಗಾಜಿನ ಸಣ್ಣ ಕೋಣೆಯಲ್ಲಿ ಕೂರಿಸಿ ಕಿವಿಗೆ ಒಂದು ಸಾಮಾನು ಹಾಕಿ, ಸದ್ದು ಬಂದಾಗ ಗುಂಡಿ ಒತ್ತಿರಿ ಅಂದರು. ನಾನು ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತ ಕುಳಿತೆ. ಗಾಜಿನ ಆಚೆ ಹೆಂಡತಿ ನಿಂತಿದ್ದಳು. ಡಾಕ್ಟರು ಏನೇನೋ ತಿರುವುತ್ತಿದ್ದರು, ನನ್ನ ಬೆರಳು ಹಾಗೇ ಇತ್ತು. ಅವಳ ಮುಖ ಇಳಿಯುತ್ತ ಹೋದದ್ದು ಮಾತ್ರ ಕಂಡಿತು. ಮಗ್ಗದ ಸದ್ದಿನಲ್ಲಿ ಒಳಗಿನ ನರ ಸವೆದುಹೋಗಿವೆ, ಮೇಲಿನ ದನಿಗಳು ಹೋದವು, ಉಳಿದದ್ದೂ ದೊಡ್ಡದಾದರೆ ಒಡೆದೇ ಕೇಳಿಸುತ್ತದೆ ಅಂದರು. ಯಂತ್ರ ಹಾಕಿಕೊಳ್ಳಬಹುದು, ಮಾತಿಗೆ ಅನುಕೂಲ, ಆದರೆ ಹಾಡು ಮೊದಲಿನ ಹಾಗೆ ಕೇಳಿಸುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ ಅಂದರು. ಮೊದಲಿನ ಹಾಗೆ ಅಂದರೆ ಹೇಗೆ ಡಾಕ್ಟರೇ, ಮೊದಲು ಯಾವಾಗ ಕೇಳಿದ್ದೆ ನಾನು? ಕೇಳಬೇಕೆನಿಸಿತು.

ಸೆಟ್ಟನ್ನು ಎದುರು ಮನೆಯ ಭಜನೆಗೆ ಕೊಟ್ಟುಬಿಟ್ಟೆ. ಒಳ್ಳೆಯ ಸೌಂಡು ಎಂದು ಎಲ್ಲರೂ ಹೊಗಳುತ್ತಾರಂತೆ. ಜಮಖಂಡಿಯ ಆ ಅಂಗಡಿಯ ಮುಂದೆ ಹಾಯಬೇಕಾದಾಗ ರಸ್ತೆಯ ಆಚೆ ಬದಿಗೆ ಹೋಗುತ್ತೇನೆ. ಮನೆಯಲ್ಲಿ ಮಾತು ಕಡಿಮೆಯಾಯಿತು. ಹೇಳಬೇಕಾದ್ದನ್ನು ಹೆಂಡತಿ ಎದುರಿಗೆ ಬಂದು ನಿಂತು ಹೇಳುತ್ತಾಳೆ. ನಾನು ಪಡಸಾಲೆಯ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿರುತ್ತೇನೆ. ಯಾವುದಕ್ಕೂ ಮನಸ್ಸಿಲ್ಲ. ಬೇಸರ ಎಂದರೆ ಇಷ್ಟು ಉದ್ದ ಇರುತ್ತದೆ ಎಂದು ಗೊತ್ತಿರಲಿಲ್ಲ.

ಮೊನ್ನೆ ಹಾಗೆಯೇ ಕುಳಿತಿದ್ದೆ. ನನ್ನ ಎದುರಿಗೇ, ಕೈಚಾಚಿದರೆ ಸಿಗುವಷ್ಟು ಹತ್ತಿರ ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನೋಡಿದರೆ ತುಟಿ ಆಡುತ್ತಿದೆ, ಕುತ್ತಿಗೆಯ ನರ ಉಬ್ಬಿದೆ. ಹಾಡುತ್ತಿದ್ದಳು. ಸಣ್ಣಗಲ್ಲ, ಬಾಯಿ ತುಂಬ. ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ಕೊಡ ಇಳಿಸಿ ನಿಂತು ಕೇಳುತ್ತಿದ್ದರು. ನಾನು ಅವಳನ್ನೇ ನೋಡುತ್ತಿದ್ದೆ. ಅವಳೂ ನನ್ನನ್ನು ನೋಡಿದಳು, ಆದರೆ ನಿಲ್ಲಿಸಲಿಲ್ಲ. ನುಡಿ ಮುಗಿಸಿಯೇ ಮೊರ ಕೆಳಗಿಟ್ಟಳು.

"ಏ, ಇದೇನು?" ಅಂದೆ. "ನನ್ನ ಮುಂದ ಹಾಡಾಕ ನಾಚಿಕಿ ಬರ್ತೈತಿ ಅಂತಿದ್ದಿ?"

ಅವಳು ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದಳು. ಕೊಂಕಿಲ್ಲ, ಸಿಟ್ಟಿಲ್ಲ, ಉಪ್ಪು ತೀರಿದೆ ಎಂದು ಹೇಳುವ ಹಾಗೆ ಹೇಳಿದಳು.

"ಈಗ ಯಾತರ ನಾಚಿಕ್ರಿ? ನಿಮಗ ಕೇಳಸಂಗಿಲ್ಲಲ್ಲ."

ಮೊರ ಎತ್ತಿಕೊಂಡು ಮುಂದಿನ ನುಡಿಗೆ ಹೋದಳು.